ಕಟ್ಟೆಗೆ ಬಂದು ಬರೆಯುತ್ತಿದ್ದ ಮೇಸ್ತ್ರಿ

ಕಳೆದ ಶನಿವಾರ ಒಂಬತ್ತನೇ ತರಗತಿಯವರು ತಪಾಸಣೆಗೆಂದು ಬರೆದ ನೋಟ್‌ಬುಕ್ಕುಗಳನ್ನು ತಿದ್ದಲು ಕುಳಿತಿದ್ದೆ. ನಲವತ್ತು ಪುಸ್ತಕ, ನಲವತ್ತರಲ್ಲೂ ಒಂದೇ ಪಾಠ, ಒಂದೇ ಸಾಲು, ಒಂದೇ ತಪ್ಪು. ಕೈ ತನ್ನಷ್ಟಕ್ಕೆ ಸಹಿ ಹಾಕುತ್ತಿತ್ತು, ತಲೆ ಬೇರೆಲ್ಲೋ ಇತ್ತು. ಹನ್ನೆರಡನೆಯದೋ ಹದಿಮೂರನೆಯದೋ ಪುಸ್ತಕ ತೆರೆದಾಗ ಎಣ್ಣೆಯ ವಾಸನೆ ಬಂತು. ಅಡುಗೆ ಎಣ್ಣೆಯಲ್ಲ, ಯಂತ್ರಕ್ಕೆ ಬಿಡುವ ಎಣ್ಣೆ. ಆ ಹುಡುಗಿಯ ತಂದೆಗೆ ಲೋಕಾಪುರದಲ್ಲಿ ಗ್ಯಾರೇಜಿದೆ, ಅವಳು ಅಲ್ಲೇ ಕುಳಿತು ಬರೆಯುತ್ತಾಳೆ. ಪುಟದ ಮೂಲೆಯಲ್ಲಿ ಹೆಬ್ಬೆರಳಿನ ಕಪ್ಪು ಗುರುತು. ಬೇರೆ ಯಾರಾದರೂ ಆಗಿದ್ದರೆ ಸ್ವಚ್ಛತೆ ಇರಲಿ ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರೇನೋ. ನಾನು ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ಕುಳಿತುಬಿಟ್ಟೆ. ಪಕ್ಕದಲ್ಲಿದ್ದ ಹಿಂದಿ ಮೇಡಂ ಓರೆಗಣ್ಣಿನಿಂದ ನೋಡಿದರು. ನೋಡಲಿ.

ಅದು ಬನಹಟ್ಟಿಯ ನಮ್ಮ ಓಣಿಯ ವಾಸನೆ, ನಮ್ಮ ಬಾಜೂ ಮನೆಯ ಕಾಕಾನ ಅಂಗಿಯ ವಾಸನೆ. ಸಂಬಂಧದಲ್ಲಿ ಅವರು ನಮಗೇನೂ ಆಗಬೇಕಿರಲಿಲ್ಲ. ಎರಡು ಮನೆಗೂ ನಡುವಿನ ಗೋಡೆ ಒಂದೇ ಇತ್ತು, ಅಷ್ಟಕ್ಕೆ ಕಾಕಾ. ಊರಿಗೆಲ್ಲ ಅವರು ಮೇಸ್ತ್ರಿ. ವಿದ್ಯುತ್ ಮಗ್ಗ ಕೆಟ್ಟು ನಿಂತರೆ ಮೊದಲು ಕರೆ ಹೋಗುತ್ತಿದ್ದುದು ಅವರಿಗೇ. ರಬಕವಿಯಿಂದ ಹಿಡಿದು ಬನಹಟ್ಟಿಯ ಕೊನೆಯ ಓಣಿಯವರೆಗೆ ಮೇಸ್ತ್ರಿ ಕೈಯಿಡದ ಮಗ್ಗವೇ ಇಲ್ಲ ಎಂದು ಅಪ್ಪ ಹೇಳುತ್ತಿದ್ದ. ಅಪ್ಪ ಸ್ವಲ್ಪ ಕೂಡಿಸಿ ಹೇಳುವ ಮನುಷ್ಯ, ಆದರೆ ಈ ಒಂದು ಮಾತಿನಲ್ಲಿ ಬಹಳ ಕೂಡಿಸಿರಲಿಕ್ಕಿಲ್ಲ.

ನಮ್ಮ ಮನೆಯ ಮುಂಭಾಗದಲ್ಲಿ ನಾಲ್ಕು ಮಗ್ಗಗಳಿದ್ದವು, ಹಿಂಭಾಗದಲ್ಲಿ ನಾವಿದ್ದೆವು. ಬೆಳಿಗ್ಗೆ ಕರೆಂಟ್ ಬಂದಿತೆಂದರೆ ಮನೆಯೊಳಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಮಗ್ಗದ ಮನೆಯಲ್ಲಿ ಹುಟ್ಟಿದವರಿಗೆ ಅದೇನೂ ದೊಡ್ಡ ಸಂಗತಿಯಲ್ಲ. ಅವ್ವ ಬಾಗಿಲಲ್ಲಿ ನಿಂತು ಬರೀ ತುಟಿ ಆಡಿಸಿದರೆ ಊಟಕ್ಕೆ ಕರೆದಳೋ, ಬೈದಳೋ ನಮಗೆ ತಿಳಿಯುತ್ತಿತ್ತು. ಕೈಸನ್ನೆ, ಕಣ್ಸನ್ನೆ, ತುಟಿಯ ಮಾತು ಇವೆಲ್ಲ ನಾವು ಅ ಆ ಕಲಿಯುವ ಮೊದಲೇ ಕಲಿತದ್ದು.

ಮಗ್ಗದ ಕೆಲಸದಲ್ಲಿ ಮೇಸ್ತ್ರಿಗಳಿಗೆ ಕಿವಿಯೇ ಮುಖ್ಯ. ಬೇರೆ ಮೇಸ್ತ್ರಿಗಳು ಬಾಗಿಲಲ್ಲೇ ನಿಂತು, ತಲೆ ಓರೆ ಮಾಡಿ ಸದ್ದು ಕೇಳಿ, ಇಂಥ ಪಟ್ಟಿ ಸಡಿಲಾಗಿದೆ, ಇಂಥ ಹಲ್ಲು ಸವೆದಿದೆ ಎಂದು ಹೇಳಿಬಿಡುತ್ತಿದ್ದರು. ನಮ್ಮ ಕಾಕಾನ ರೀತಿ ಬೇರೆ. ಅವರು ಒಳಗೆ ಬಂದು ಮಗ್ಗವನ್ನು ಓಡಗೊಟ್ಟು ಅದರ ಚೌಕಟ್ಟಿನ ಮೇಲೆ ಅಂಗೈಯಿಟ್ಟು ಸುಮ್ಮನೆ ನಿಲ್ಲುತ್ತಿದ್ದರು. ಕೆಲವೊಮ್ಮೆ ಐದು ನಿಮಿಷ. ಅಪ್ಪನಿಗೆ ತಾಳ್ಮೆ ತಪ್ಪುತ್ತಿತ್ತು, ಅವರಿಗೆ ತಪ್ಪುತ್ತಿರಲಿಲ್ಲ. ಆಮೇಲೆ ನಟ್ಟು ಬಿಗಿಯುವ ಪಾನಾ ತೆಗೆದು ಕೆಲಸಕ್ಕೆ ಕೂತರೆ ಮಗ್ಗ ನಡೆಸಿಯೇ ಏಳುತ್ತಿದ್ದರು.

ಎದ್ದ ಮೇಲೆ ಮಾಡುತ್ತಿದ್ದುದೇ ನನಗೆ ಹೆಚ್ಚು ನೆನಪಿರುವುದು. ನೇರವಾಗಿ ಹೊರಗೆ ಕಟ್ಟೆಗೆ ಬಂದು, ನೂಲಿನ ಚಿಂದಿಯಿಂದ ಕೈ ಒರೆಸಿಕೊಂಡು, ಕಣ್ಣು ಮುಚ್ಚಿ ಅರ್ಧ ನಿಮಿಷ ಕೂಡುತ್ತಿದ್ದರು. ಆಮೇಲೆ ಅಂಗಿಯ ಕಿಸೆಯಿಂದ ಅಂಗೈಯಗಲದ ಒಂದು ಪುಸ್ತಕ ತೆಗೆದು ಪೆನ್ಸಿಲ್ಲಿನಿಂದ ಬರೆಯುತ್ತಿದ್ದರು. ನಾಲ್ಕೇ ಸಾಲು, ಹೆಚ್ಚೆಂದರೆ ಒಂದು ಸಣ್ಣ ಚಿತ್ರ. ಶಾಲೆಯಲ್ಲಿ ಅವರು ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ. ಅಕ್ಷರಗಳು ಒಂದರ ಮೇಲೊಂದು ಬೀಳುತ್ತಿದ್ದವು. ನಾನು ಅದನ್ನು ನೋಡಿ ಮನಸ್ಸಿನಲ್ಲೇ ನಕ್ಕದ್ದುಂಟು. ಯಾಕೆಂದರೆ ಆ ದಿನಗಳಲ್ಲಿ ನೋಟ್‌ಬುಕ್ಕಿನ ವಿಷಯದಲ್ಲಿ ನನ್ನನ್ನು ಮೀರಿಸಿದವರು ನಮ್ಮ ಹೈಸ್ಕೂಲಿನಲ್ಲಿ ಯಾರೂ ಇರಲಿಲ್ಲ.

ಇದು ಜಂಬವಲ್ಲ, ಖರೇ ಸಂಗತಿ. ನನ್ನ ವಿಜ್ಞಾನದ ನೋಟ್‌ಬುಕ್ಕಿಗೆ ಬಣ್ಣದ ರಟ್ಟು, ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ. ತಲೆಬರಹ ಕೆಂಪು, ಉಪತಲೆಬರಹ ಹಸಿರು, ಉಳಿದದ್ದು ನೀಲಿ. ಸರ್ ಹೇಳಿದ ಒಂದು ಶಬ್ದವನ್ನೂ ನಾನು ಕೆಳಗೆ ಬೀಳಗೊಡುತ್ತಿರಲಿಲ್ಲ. ಅವರು ಉಸಿರು ಬಿಡುವಷ್ಟರಲ್ಲಿ ನಾನು ಸಾಲು ಮುಗಿಸಿರುತ್ತಿದ್ದೆ. ಜ್ವರ ಬಂದು ಶಾಲೆ ತಪ್ಪಿಸಿದ ಹುಡುಗಿಯರೆಲ್ಲ ನನ್ನ ಪುಸ್ತಕಕ್ಕೆ ಸರತಿ ಹಚ್ಚುತ್ತಿದ್ದರು. ತಪಾಸಣೆಗೆ ಮೇಲಧಿಕಾರಿಗಳು ಬಂದಾಗ ಹೆಡ್‌ಮಾಸ್ತರರು ಮೊದಲು ತೋರಿಸುತ್ತಿದ್ದುದು ನನ್ನ ಪುಸ್ತಕವನ್ನೇ.

ಹತ್ತನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಈ ಎಲ್ಲ ಬಣ್ಣ ಒಂದೇ ದಿನ ಇಳಿಯಿತು. ಉತ್ತರಪತ್ರಿಕೆ ಹಂಚುವ ದಿನ ವಿಜ್ಞಾನದ ಸರ್ ನನ್ನದನ್ನು ಕೊಡದೆ ಕೈಯಲ್ಲೇ ಹಿಡಿದು ನಿಂತರು. ಒಂದು ಉತ್ತರ ಓದುತ್ತೇನೆ, ಎಲ್ಲರೂ ಕೇಳಿರಿ ಎಂದರು. ನನಗೆ ಒಳಗೊಳಗೇ ಹಿಗ್ಗು. ಅವರು ಓದತೊಡಗಿದರು. ಫ್ಯೂಜ್ ತಂತಿಯ ವ್ಯಾಖ್ಯೆ, ಅದರ ಲಕ್ಷಣ, ಅದರ ಉಪಯೋಗ ಎಲ್ಲ ಸರಿಯಾಗಿತ್ತು. ಆಮೇಲೆ ಬಂತು ನೋಡಿ. ಅದೇ ಉತ್ತರದ ನಡುವೆ, ನನ್ನ ದುಂಡು ಅಕ್ಷರದಲ್ಲಿ, ‘ಈ ವಾಕ್ಯದ ಕೆಳಗೆ ಗೆರೆ ಹೊಡೆದುಕೊಳ್ಳಿ, ಎರಡು ಅಂಕಕ್ಕೆ ಕೇಳುತ್ತಾರೆ, ಹಿಂದಿನ ಬೆಂಚಿನವರು ಮಾತಾಡಬೇಡಿ’ ಎಂದಿತ್ತು.

ಸರ್ ಬರೆಯಿಸುವಾಗ ಹೇಳಿದ್ದನ್ನು ನಾನು ಬರೆದುಕೊಂಡಿದ್ದೆ. ಬರೆದುಕೊಂಡದ್ದನ್ನು ಬಾಯಿಪಾಠ ಮಾಡಿದ್ದೆ. ಬಾಯಿಪಾಠ ಮಾಡಿದ್ದನ್ನು ಪರೀಕ್ಷೆಯಲ್ಲಿ ಇಳಿಸಿದ್ದೆ. ಅದರ ಕೆಳಗೆ ಗೆರೆಯನ್ನೂ ಹೊಡೆದಿದ್ದೆ. ಇಡೀ ವರ್ಗ ನಕ್ಕಿತು, ಹಿಂದಿನ ಬೆಂಚಿನವರಂತೂ ಡೆಸ್ಕು ಬಡಿದು ನಕ್ಕರು. ನೂರಕ್ಕೆ ಮೂವತ್ತೆಂಟು ಬಿದ್ದಿತ್ತು. ಈಗ ನೆನೆದರೆ ನನಗೂ ನಗು ಬರುತ್ತದೆ, ಅಂದು ಮಾತ್ರ ನೆಲ ಬಿರಿದು ಒಳಗೆ ಹೋದರೆ ಸಾಕು ಅನ್ನಿಸಿತ್ತು.

ನಗೆಯದಾದರೂ ಎರಡು ದಿನದ ಮಾತು. ನನ್ನ ಹೆದರಿಕೆ ಬೇರೆ ಇತ್ತು. ಹತ್ತನೆಯದು ಮುಗಿದ ಮೇಲೆ ಜಮಖಂಡಿಗೆ ಹೋಗಿ ಸೈನ್ಸ್ ಓದಬೇಕೆಂದು ನಾನು ಎರಡು ವರ್ಷದಿಂದ ಅಪ್ಪನ ಬೆನ್ನು ಹತ್ತಿದ್ದೆ. ಅಪ್ಪ ಕೆಟ್ಟವನಲ್ಲ. ಆದರೆ ಸುಮ್ಮನೆ ಬಸ್ಸಿನಲ್ಲಿ ಓಡಾಡಿ ಪೇಲಾಗಿ ಮನೆಗೆ ಬಂದವರನ್ನು ಅವನು ಬಹಳ ಕಂಡಿದ್ದ. ಆ ದಿನ ಅಂಕಪಟ್ಟಿ ನೋಡಿ ಮಗ್ಗ ನಿಲ್ಲಿಸಿ, ಒಂದೇ ಮಾತು ಹೇಳಿದ.

“ಸೈನ್ಸ್‌ನಾಗ ಅರವತ್ತರ ಮ್ಯಾಲ ಬಂದ್ರ ಜಮಖಂಡಿ. ಇಲ್ಲಂದ್ರ ಮನ್ಯಾಗ ಕಂಡಿಕಿ ಸುತ್ತು.”

ಲಾಳಿಯೊಳಗೆ ಹಾಕುವ ನೂಲಿನ ಸುರುಳಿಗೆ ಕಂಡಿಕಿ ಎನ್ನುತ್ತಾರೆ. ಅದನ್ನು ಸುತ್ತುವುದು ನಮ್ಮ ಕಡೆ ಹೆಂಗಸರ ಕೆಲಸ. ಅವ್ವ ಸುತ್ತಿದಳು, ನಮ್ಮಜ್ಜಿ ಆಯಿಯೂ ಸುತ್ತಿದಳು. ಕೆಲಸ ಸಣ್ಣದೆಂದು ನಾನು ಇವತ್ತಿಗೂ ಅನ್ನುವುದಿಲ್ಲ. ಆದರೆ ನನಗೆ ಅದು ಬೇಡವಾಗಿತ್ತು, ಅಷ್ಟೇ.

ಮರುದಿನ ಸಂಜೆ ಕಟ್ಟೆಯ ಮೇಲೆ ನೋಟ್‌ಬುಕ್ಕು ತೆರೆದಿಟ್ಟುಕೊಂಡು ಅಳುತ್ತ ಓದುತ್ತಿದ್ದೆ. ಕಾಕಾ ನಮ್ಮ ಮಗ್ಗ ನೋಡಿ ಹೊರಗೆ ಬಂದು, ಎಂದಿನಂತೆ ಕೈ ಒರೆಸಿಕೊಂಡು, ಬರೆಯುವುದನ್ನು ಬರೆದು ಮುಗಿಸಿದರು. ಆಮೇಲೆ ನನ್ನ ಪುಸ್ತಕ ಎಳೆದುಕೊಂಡು ಪುಟ ತಿರುವಿದರು. ಅಕ್ಷರ ಭಾಳ ಛಲೋ ಅದಾವ ಎಂದರು. ನಾನು ಇನ್ನೂ ಜೋರಾಗಿ ಅತ್ತೆ. ಅವರು ಫ್ಯೂಜಿನ ಪುಟದ ಮೇಲೆ ಬೆರಳಿಟ್ಟು, ನಿಮ್ಮಪ್ಪ ಹೋದ ವಾರ ಫ್ಯೂಜ್ ಹೋದಾಗ ತಂತಿ ಸಿಗಲಿಲ್ಲವೆಂದು ದಪ್ಪನೆಯದೊಂದು ತಾಮ್ರದ ತಂತಿ ಸಿಗಿಸಿದ್ದಾನೆ, ಅದು ಸರಿಯೋ ತಪ್ಪೋ ಹೇಳು ಎಂದು ಕೇಳಿದರು. ನಾನು ಮೂಗೊರೆಸಿಕೊಂಡು, ಕಡಿಮೆ ಉಷ್ಣತೆಯಲ್ಲಿ ಕರಗುವ ತಂತಿಯನ್ನು ಎಂದು ಶುರುಮಾಡಿದೆ. ಅದು ಪುಸ್ತಕದ್ದಾತು, ನಿಮ್ಮ ಮನಿದು ಹೇಳು ಎಂದರು. ಒಂದೂವರೆ ಪುಟ ಬರೆದುಕೊಂಡಿದ್ದೆ, ಮೂರು ಬಣ್ಣದಲ್ಲಿ. ಉತ್ತರ ಅದರಲ್ಲೇ ಇತ್ತು. ನಾನು ಮತ್ತೆ ಆ ಪುಟವನ್ನೇ ಮೊದಲಿನಿಂದ ಓದತೊಡಗಿದೆ. ಎದ್ದು ಹೋಗಿ ಅಪ್ಪನ ದಪ್ಪ ತಂತಿಯನ್ನು ತೆಗೆಸಿ ಸರಿಯಾದದ್ದು ಹಾಕಿಸಿದವರು ಅವರೇ.

ನೀವು ಯಾಕೆ ಹೊರಗೆ ಬಂದು ಬರೆಯುತ್ತೀರಿ, ಮಗ್ಗದ ಮುಂದೆಯೇ ಬರೆದುಕೊಂಡರೆ ಒಂದೂ ಮರೆಯುವುದಿಲ್ಲವಲ್ಲ ಎಂದು ನಾನು ಕೇಳಿದ್ದು ಅವತ್ತೇ. ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆ.

“ಒಳಗ ನಿಂತು ಬರದ್ರ ಕೈ ಅಷ್ಟ ಬರೀತೈತಿ, ಯವ್ವಾ. ಹೊರಗ ಬಂದು ಬರದ್ರ ತಲಿ ಬರೀತೈತಿ. ಹೊರಗ ಬರೂದ್ರಾಗ ಏನ್ ಮರತೇನಿ, ಅದು ನನಗ ತಿಳದಿದ್ದಿಲ್ಲ ಅಂತ ಅರ್ಥ. ತಿರಗಿ ಒಳಗ ಹೋಗಿ ನೋಡತೇನಿ.”

ಆ ಪುಸ್ತಕವನ್ನು ಅವರು ನನ್ನ ಕೈಗೆ ಕೊಟ್ಟು ನೋಡಲು ಹೇಳಿದರು. ಪುಟದ ಎಡಗಡೆ ಒಂದು ಗೆರೆ ಹೊಡೆದು ಸಣ್ಣ ಓಣಿಯಷ್ಟು ಜಾಗ ಬಿಟ್ಟಿತ್ತು. ಅಲ್ಲಿ ಬರೀ ಪ್ರಶ್ನೆ, ಲಾಳಿ ಯಾಕ ಹಾರತೈತಿ ಎನ್ನುವಂಥದ್ದು. ಬಲಗಡೆ ತಾವು ಕಂಡದ್ದು, ಮಾಡಿದ್ದು. ಪುಟದ ಬುಡದಲ್ಲಿ ಎರಡು ಬೆರಳಿನಷ್ಟು ಖಾಲಿ. ಆ ಖಾಲಿ ಜಾಗವನ್ನು ಅವರು ಅಂದೇ ತುಂಬುತ್ತಿರಲಿಲ್ಲ. ಎರಡು ದಿನ ಬಿಟ್ಟು ಅದೇ ಮಗ್ಗವನ್ನು ಮತ್ತೆ ನೋಡಿ ಬಂದು, ‘ನಿಂತತಿ’ ಎಂದೋ ‘ನಿಂತಿಲ್ಲ’ ಎಂದೋ ಬರೆಯುತ್ತಿದ್ದರು. ಮಾಡಿದ ರಿಪೇರಿ ನಿಂತಿದೆ, ಇಲ್ಲವೇ ನಿಂತಿಲ್ಲ. ನಿಂತಿಲ್ಲದಿದ್ದರೆ ಹೊಸ ಪುಟ.

ಅಂಥದೇ ಒಂದು ಖಾಲಿ ಪುಸ್ತಕ ಮರುದಿನ ನನಗೆ ಬಂತು. ಅಷ್ಟು ಸಣ್ಣದರಲ್ಲಿ ವಿಜ್ಞಾನದ ಒಂದು ಪಾಠ ಹೇಗೆ ಹಿಡಿಸೀತು ಎಂದರೆ, ಹಿಡಿಸದಷ್ಟು ಬರೆಯಬೇಡ ಎಂದರು. ಸರ್ ಪಾಠ ಹೇಳುವಾಗ ಪೆನ್ನು ಕೆಳಗಿಡಬೇಕು. ಕೇಳಬೇಕು. ಸರ್ ಹೋಗಿ ಮುಂದಿನ ಸರ್ ಬರುವುದರೊಳಗೆ, ನೆನಪಿನಿಂದ, ನಿನ್ನ ಮಾತಿನಲ್ಲಿ ನಾಲ್ಕು ಸಾಲು. ಮಾತಿಗಿಂತ ಚಿತ್ರ ಸುಲಭವಾದರೆ ಚಿತ್ರ. ಬಿಟ್ಟುಹೋದದ್ದನ್ನು ಮನೆಗೆ ಬಂದು ಪಠ್ಯಪುಸ್ತಕ ನೋಡಿ ಬೇರೆ ಪೆನ್ಸಿಲ್ಲಿನಿಂದ ಸೇರಿಸು, ಯಾವುದು ನಿನಗೆ ಉಳಿದಿತ್ತು, ಯಾವುದು ಉಳಿದಿರಲಿಲ್ಲ ಎಂದು ಕಣ್ಣಿಗೆ ಕಾಣಲಿ. ಇವನ್ನೆಲ್ಲ ಅವರು ಒಮ್ಮೆಲೇ ಹೇಳಲಿಲ್ಲ. ಸಂಜೆಗೊಂದು, ಎರಡು ಸಂಜೆಗೊಂದು... ನಾನು ಈಗ ಒಟ್ಟಿಗೆ ಹೇಳುತ್ತಿದ್ದೇನೆ.

ಬರೆದದ್ದನ್ನು ಪ್ರತಿ ಸಂಜೆ ಅವರಿಗೆ ಬಾಯಿಬಿಟ್ಟು ಹೇಳಬೇಕಿತ್ತು, ಅದೂ ಬಲಗಡೆಯ ಭಾಗ ಮಡಚಿ, ಎಡಗಡೆಯ ಪ್ರಶ್ನೆ ಮಾತ್ರ ನೋಡಿಕೊಂಡು. ಈ ಹೇಳುವ ಕೆಲಸದಲ್ಲಿ ಅವರು ಬಹಳ ಕಟ್ಟುನಿಟ್ಟು. ಪಡುವಣ ಬೆಳಕು ನನ್ನ ಮುಖದ ಮೇಲೆ ಬೀಳುವಂತೆ ಕೂಡಿಸುತ್ತಿದ್ದರು. ತಲೆ ತಗ್ಗಿಸಿ ಹೇಳಿದರೆ ನಡೆಯುತ್ತಿರಲಿಲ್ಲ. ಗಡಿಬಿಡಿ ಮಾಡಿದರೆ ನಡೆಯುತ್ತಿರಲಿಲ್ಲ. ಉದ್ದನೆಯ ವಾಕ್ಯ ಎತ್ತಿದರೆ ಕೈಯೆತ್ತಿ ನಿಲ್ಲಿಸಿ, ಇಷ್ಟುದ್ದ ಬ್ಯಾಡ, ತುಂಡ ಮಾಡಿ ಹೇಳು ಎನ್ನುತ್ತಿದ್ದರು. ಆ ತುಂಡನ್ನೂ ತುಂಡು ಮಾಡಿಸುತ್ತಿದ್ದರು. ಪುಸ್ತಕದ ದೊಡ್ಡ ಶಬ್ದ ಬಂದರೆ ಅವರ ಮುಖ ಕಲ್ಲಾಗುತ್ತಿತ್ತು. ಅದೇ ಮಾತನ್ನು ಮನೆಯ ಮಾತಿನಲ್ಲಿ ಹೇಳಿದರೆ ಹುಬ್ಬು ಅರಳುತ್ತಿತ್ತು. ನನಗೆ ಸಾಕುಸಾಕಾಗಿ ಹೋಗುತ್ತಿತ್ತು. ಇವರು ಹೈಸ್ಕೂಲಿನ ಮಾಸ್ತರರಿಗಿಂತ ಮೇಲಾದರಲ್ಲ ಎಂದು ಅವ್ವನ ಮುಂದೆ ಗೊಣಗುತ್ತಿದ್ದೆ.

ಶಾಲೆಯಲ್ಲಿ ಬೇರೆ ತಾಪತ್ರಯ. ಸದಾ ತಲೆಬಗ್ಗಿಸಿ ಬರೆಯುತ್ತಿದ್ದವಳು ಪೆನ್ನು ಕೆಳಗಿಟ್ಟು ಸರ್ ಮುಖವನ್ನೇ ನೋಡುತ್ತ ಕುಳಿತದ್ದು ಅವರಿಗೆ ಸೊಕ್ಕಾಗಿ ಕಂಡಿತು. ಮೂವತ್ತೆಂಟು ಬಂದಿದ್ದಕ್ಕೆ ಮುನಿಸೋ ಎಂದು ಕೇಳಿ ಎಬ್ಬಿಸಿ ನಿಲ್ಲಿಸಿದರು. ತಪಾಸಣೆಗೆ ದೊಡ್ಡ ನೋಟ್‌ಬುಕ್ಕಂತೂ ತೋರಿಸಲೇಬೇಕು, ಹಾಗಾಗಿ ಅದನ್ನು ಭಾನುವಾರ ಗೆಳತಿಯದನ್ನು ನೋಡಿ ಇಳಿಸುತ್ತಿದ್ದೆ. ಒಂದು ಕಾಲಕ್ಕೆ ನನ್ನ ಪುಸ್ತಕಕ್ಕೆ ಸರತಿ ಇತ್ತು, ಈಗ ನಾನೇ ಬೇರೆಯವರ ಪುಸ್ತಕಕ್ಕೆ ಕೈಚಾಚುತ್ತಿದ್ದೆ. ನನ್ನ ಅಹಂಕಾರ ಇಳಿಯಲು ಅದೊಂದೇ ಸಾಕಾಗಿತ್ತು.

ಒಂದು ತಿಂಗಳು ಕಳೆದು ಕಿರುಪರೀಕ್ಷೆ ಬಂತು. ಇಪ್ಪತ್ತೈದಕ್ಕೆ ಎಂಟು. ಮೊದಲಿಗಿಂತ ಕಡಿಮೆ! ಮನೆಗೆ ಬಂದವಳೇ ಆ ಸಣ್ಣ ಪುಸ್ತಕವನ್ನು ಕಂಡಿಕಿ ಬುಟ್ಟಿಗೆ ಒಗೆದೆ. ಒಂದು ವಾರ ಕಟ್ಟೆಗೆ ಹೋಗಲಿಲ್ಲ. ಮತ್ತೆ ಕೆಂಪು, ಹಸಿರು, ನೀಲಿ ಪೆನ್ನು ಹಿಡಿದೆ. ಮೇಸ್ತ್ರಿ ಮಗ್ಗ ನೋಡಿಕೊಂಡು ಇರಬೇಕಿತ್ತು, ಹುಡುಗಿಯ ಶಾಲೆಗೆ ಯಾಕೆ ಕೈ ಹಾಕಿದ ಎಂದು ಅಪ್ಪ ಗೊಣಗಿದ. ಕಾಕಾನಿಗೆ ಹೇಗೋ ಇದು ತಿಳಿದು ಅವರೇ ನಮ್ಮ ಮನೆಗೆ ಬಂದರು. ಅಪ್ಪ ಇನ್ನೇನೋ ಹೇಳುವಷ್ಟರಲ್ಲಿ, ಪರೀಕ್ಷಾ ಮುಗಿಯೂತನಾ ಹುಡುಗೀನ ನನಗ ಬಿಡ್ರಿ ಎಂದರು. ಅವರು ಯಾರಲ್ಲೂ ಏನನ್ನೂ ಕೇಳಿದವರಲ್ಲ. ಅಪ್ಪ ಒಪ್ಪಿದ.

ಆಮೇಲೆ ನನ್ನ ಉತ್ತರಪತ್ರಿಕೆ ತರಿಸಿಕೊಂಡು ನೋಡಿದರು. ತಪ್ಪು ಹೋದ ಪ್ರಶ್ನೆಗಳನ್ನೆಲ್ಲ ಸಣ್ಣ ಪುಸ್ತಕದಲ್ಲಿ ಹುಡುಕಿಸಿದರು. ಎಲ್ಲ ಪುಟಗಳ ಬುಡವೂ ಖಾಲಿ ಇತ್ತು! ಎರಡು ದಿನ ಬಿಟ್ಟು ತಿರುಗಿ ನೋಡುವ ಕೆಲಸವನ್ನು ನಾನು ಒಮ್ಮೆಯೂ ಮಾಡಿರಲಿಲ್ಲ. ಅಂದು ಹೇಳಿದ್ದು ಅಂದು ಬಂದರೆ ಮುಗಿಯಿತು ಎಂದುಕೊಂಡಿದ್ದೆ. ಅವರು ಬೈಯಲಿಲ್ಲ. ನಟ್ಟು ಬಿಗಿ ಮಾಡದ ಎದ್ದು ಬಂದಂಗಾತು ಎಂದಷ್ಟೇ ಹೇಳಿ, ಪೆನ್ಸಿಲ್ಲು ಕೈಗಿತ್ತರು.

ಆ ಚಳಿಗಾಲ ನಾನು ಕಲಿತಷ್ಟು ಮುಂದೆ ಯಾವ ಕಾಲೇಜಿನಲ್ಲೂ ಕಲಿತಿಲ್ಲ. ಸೋಮವಾರದ ಪಾಠ ಬುಧವಾರ ಮಡಚಿ ಹೇಳಬೇಕು, ಮತ್ತೆ ಮುಂದಿನ ಬುಧವಾರ ಹೇಳಬೇಕು. ಬಂದರೆ ‘ನಿಂತತಿ’. ಬರದಿದ್ದರೆ ನಾಚಿಕೆಯಿಲ್ಲದೆ ‘ನಿಂತಿಲ್ಲ’ ಎಂದು ಬರೆದು ಹೊಸ ಪುಟ. ನನ್ನ ಸಾಲುಗಳು ಗಿಡ್ಡವಾದವು. ಹೃದಯದ ಪಾಠ ನಾಲ್ಕು ಬಾಣ, ಎಂಟು ಶಬ್ದಗಳಲ್ಲಿ ಮುಗಿಯಿತು, ಮತ್ತು ಅಷ್ಟರಿಂದಲೇ ನಾನು ಒಂದು ತಾಸು ಮಾತಾಡಬಲ್ಲವಳಾದೆ. ಒಮ್ಮೆ ಸರ್ ನನ್ನ ಡೆಸ್ಕಿನ ಮೇಲಿದ್ದ ಸಣ್ಣ ಪುಸ್ತಕ ಎತ್ತಿಕೊಂಡು ನಿಂತಲ್ಲೇ ಓದಿದರು. ಮತ್ತೆ ಅಲ್ಲೇ ಇಟ್ಟು ಹೋದರು. ಅಂದಿನಿಂದ ನನ್ನನ್ನು ಎಬ್ಬಿಸಿ ನಿಲ್ಲಿಸಲಿಲ್ಲ.

ಪರೀಕ್ಷೆ ಬಂತು, ಹೋಯಿತು. ಫ್ಯೂಜಿನ ಪ್ರಶ್ನೆ ಬರಲೇ ಇಲ್ಲ, ಅದರ ಬದಲು ನಾನು ಎಂದೂ ಕಾಣದ ರೀತಿಯ ಪ್ರಶ್ನೆಗಳು ಬಂದಿದ್ದವು. ನಾನು ಹೆದರಲಿಲ್ಲ. ಕಟ್ಟೆಯ ಮೇಲೆ ಕುಳಿತು ಕಾಕಾನಿಗೆ ಹೇಳುತ್ತಿದ್ದೇನೆ ಎಂದುಕೊಂಡು ಬರೆದೆ.

ಫಲಿತಾಂಶದ ದಿನ ಶಾಲೆಯಿಂದ ಓಡುತ್ತ ಬಂದೆ. ವಿಜ್ಞಾನದಲ್ಲಿ ಎಪ್ಪತ್ತೊಂಬತ್ತು. ಅಪ್ಪನಿಗೆ ಹೇಳುವ ಮೊದಲೇ ಬಾಜೂ ಮನೆಗೆ ನುಗ್ಗಿದೆ. ಕಾಕಾ ಹಿತ್ತಲಲ್ಲಿ ನನಗೆ ಬೆನ್ನು ಮಾಡಿ ಕುಳಿತು ಪಾನಾಗಳನ್ನು ಸೀಮೆ ಎಣ್ಣೆಯಲ್ಲಿ ತೊಳೆಯುತ್ತಿದ್ದರು. ಬಾಗಿಲಿನಿಂದಲೇ ಕೂಗಿದೆ. ತಿರುಗಲಿಲ್ಲ. ಇನ್ನೂ ಜೋರಾಗಿ ಕೂಗಿದೆ. ಅಂದು ಕರೆಂಟ್ ಇರಲಿಲ್ಲ, ಒಂದು ಮಗ್ಗವೂ ನಡೆಯುತ್ತಿರಲಿಲ್ಲ, ಇಡೀ ಓಣಿ ನಿಶ್ಶಬ್ದವಾಗಿತ್ತು. ಮೂರನೆಯ ಸಲ ಕೂಗಿದಾಗ ಆಚೆ ಓಣಿಯ ನಾಯಿ ಬೊಗಳಿತು, ಅವರು ತಲೆಯೆತ್ತಲಿಲ್ಲ. ನನಗೆ ಕೋಪವೇ ಬಂತು...

ಒಳಗಿನಿಂದ ಕಾಕಾನ ಹೆಂಡತಿ ಕಾಕು ಓಡಿಬಂದು ನನ್ನ ರಟ್ಟೆ ಹಿಡಿದಳು. ಅವಳ ಕಣ್ಣಿನಲ್ಲಿ ಹೆದರಿಕೆ ಇತ್ತು.

“ಒದರಬ್ಯಾಡವ್ವ. ಅವರಿಗೆ ಕೇಳಸೂದಿಲ್ಲ. ಮೂರು ವರ್ಷಾತು. ಯಾರ ಮುಂದೂ ಅನಬ್ಯಾಡ, ಕಿವಿ ಇಲ್ಲದ ಮೇಸ್ತ್ರಿನ್ನ ಯಾರು ಕರೀತಾರ?”

ನಾನು ಅಲ್ಲೇ ನಿಂತೆ. ಮಗ್ಗದ ಮೇಲೆ ಅಂಗೈಯಿಡುತ್ತಿದ್ದುದು ಯಾಕೆಂದು ತಿಳಿಯಿತು. ಮುಖದ ಮೇಲೆ ಬೆಳಕು ಬೀಳುವಂತೆ ಕೂಡಿಸುತ್ತಿದ್ದುದು, ತಲೆ ತಗ್ಗಿಸಗೊಡದಿದ್ದುದು, ಉದ್ದ ವಾಕ್ಯ ಬಂದರೆ ಕೈಯೆತ್ತುತ್ತಿದ್ದುದು ಯಾಕೆಂದೂ ತಿಳಿಯಿತು. ಇಡೀ ಚಳಿಗಾಲ ನಾನು ಕಟ್ಟುನಿಟ್ಟಿನ ಮಾಸ್ತರರೊಬ್ಬರ ಮುಂದೆ ಕುಳಿತಿದ್ದೇನೆ ಎಂದುಕೊಂಡಿದ್ದೆ. ಅವರು ನನ್ನ ತುಟಿ ಓದುತ್ತಿದ್ದರು. ಮಗ್ಗದ ಸದ್ದಿನಲ್ಲಿ ಯಾರಿಗೂ ಏನೂ ಕೇಳಿಸದ ಊರಿನಲ್ಲಿ, ಒಬ್ಬರಿಗೆ ಮಾತ್ರ ನಿಜವಾಗಿ ಕೇಳಿಸುತ್ತಿಲ್ಲ ಎಂದು ಯಾರಿಗೂ ಗೊತ್ತಾಗಿರಲಿಲ್ಲ.

ಸುತ್ತು ಹಾಕಿ ಅವರೆದುರು ಹೋಗಿ ಕುಕ್ಕರಗಾಲಲ್ಲಿ ಕುಳಿತೆ. ಮುಖ ಬೆಳಕಿಗೆ ಹಿಡಿದು, ನಿಧಾನವಾಗಿ, ತುಂಡು ಮಾಡಿ ಹೇಳಿದೆ. ಕಾಕಾ, ಪಾಸಾದೆ. ಸೈನ್ಸ್‌ನಾಗ ಎಪ್ಪತ್ತೊಂಬತ್ತು. ಜಮಖಂಡಿಗೆ ಹೊಂಟೆ. ಅವರು ಸೀಮೆ ಎಣ್ಣೆಯ ಕೈಯನ್ನು ಗಾಳಿಯಲ್ಲೇ ಹಿಡಿದು ನನ್ನನ್ನು ನೋಡಿದರು. ಎಲ್ಲ ತಿಳಿಯಿತು ಎಂಬಂತೆ ತಲೆಯಾಡಿಸಿದರು. ಕಣ್ಣು ತುಂಬಿ ಬಂದದ್ದನ್ನು ಎಣ್ಣೆಯ ಕೈಯಿಂದ ಒರೆಸಿಕೊಳ್ಳಲು ಹೋಗಿ, ಕಾಕುವಿನಿಂದ ಬೈಸಿಕೊಂಡರು.

ಕಾಕು ಹೇಳಿದ ಮಾತನ್ನು ನಾನು ಅಪ್ಪನಿಗೂ ಹೇಳಲಿಲ್ಲ. ಕಾಕಾ ಮುಂದೆ ಎಷ್ಟೋ ವರ್ಷ ಮಗ್ಗಗಳನ್ನು ನೋಡಿದರು. ಒಬ್ಬರೂ ದೂರಲಿಲ್ಲ. ಕಿವಿಯಿದ್ದ ಮೇಸ್ತ್ರಿಗಳಿಗಿಂತ ಇವರ ರಿಪೇರಿ ಹೆಚ್ಚು ದಿನ ನಿಲ್ಲುತ್ತಿತ್ತು ಎಂದು ನಾನು ಬೇಕಾದರೆ ಬರೆದುಕೊಡುತ್ತೇನೆ. ಅವರ ಗುಟ್ಟು ನನಗೆ ಗೊತ್ತಿದೆ ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ... ನಾವಿಬ್ಬರೂ ಅದನ್ನು ಎಂದೂ ಆಡಲಿಲ್ಲ.

ಜಮಖಂಡಿ ಆಯಿತು, ಬಿ.ಎಡ್ ಆಯಿತು, ಬೀಳಗಿ ಕಡೆ ಮೊದಲ ನೌಕರಿ, ಆಮೇಲೆ ಈ ಮುಧೋಳ ತಾಲೂಕಿನ ಲೋಕಾಪುರ. ಇಪ್ಪತ್ತು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಈಗಿನ ಮಕ್ಕಳು ಬರೆಯುವುದೂ ಇಲ್ಲ, ಬೋರ್ಡಿನ ಫೋಟೋ ಹೊಡೆದುಕೊಳ್ಳುತ್ತಾರೆ. ಯಾರೋ ಮಾಡಿದ ನೋಟ್ಸಿನ ಪಿಡಿಎಫ್ ಇಡೀ ತಾಲೂಕಿನ ವಾಟ್ಸಾಪಿನಲ್ಲಿ ತಿರುಗುತ್ತದೆ. ನಾನು ಬೈಯುವುದಿಲ್ಲ. ಮೂರು ಬಣ್ಣದಲ್ಲಿ ನಾನು ಮಾಡುತ್ತಿದ್ದುದೂ ಫೋಟೋ ಹೊಡೆಯುವುದನ್ನೇ ಅಲ್ಲವೇ, ಕೈ ಮಾತ್ರ ನೋಯುತ್ತಿತ್ತು. ನನ್ನ ತಾಸಿನಲ್ಲಿ ಮಾತ್ರ ಒಂದು ಕಾನೂನಿದೆ. ಮೂವತ್ತು ನಿಮಿಷ ಪೆನ್ನೂ ಇಲ್ಲ, ಫೋನೂ ಇಲ್ಲ. ಕೊನೆಯ ಹತ್ತು ನಿಮಿಷ ಬೋರ್ಡು ಒರೆಸಿ, ಎಲ್ಲರನ್ನೂ ವರ್ಗದ ಹೊರಗೆ ಬೇವಿನ ಗಿಡದ ಕಟ್ಟೆಗೆ ಕರೆದೊಯ್ದು ಬರೆಸುತ್ತೇನೆ. ಹೊಸದಾಗಿ ಬಂದ ಹೆಡ್‌ಮಾಸ್ತರರು ಇದೇನು ಮೇಡಂ, ಮಕ್ಕಳನ್ನು ಗಾಳಿಗೆ ಬಿಟ್ಟಿದ್ದೀರಲ್ಲ ಎಂದರು. ಫಲಿತಾಂಶ ಬಂದ ಮೇಲೆ ಮಾತಾಡೋಣ ಸರ್ ಎಂದೆ. ಬಂದ ಮೇಲೆ ಅವರು ಮಾತಾಡಲಿಲ್ಲ.

ಊರಿಗೆ ನಾನು ವರ್ಷಕ್ಕೊಮ್ಮೆ, ದೀಪಾವಳಿಗೆ ಹೋಗುತ್ತಿದ್ದೆ. ಕಾಕಾನೆದುರು ಕಟ್ಟೆಯಲ್ಲಿ ಕುಳಿತು ಒಂದು ತಾಸು ಮಾತಾಡಿ ಬರುತ್ತಿದ್ದೆ. ಮಕ್ಕಳ ಸುದ್ದಿ, ಶಾಲೆಯ ಸುದ್ದಿ, ಎಲ್ಲ ತುಂಡು ಮಾಡಿಯೇ. ಕೆಲಸ ಬಿಟ್ಟ ಮೇಲೆ ಅವರು ಬಹಳ ಸುಮ್ಮನಾಗಿದ್ದರು. ನನ್ನೆದುರು ಮಾತ್ರ ಒಂದರ ಮೇಲೊಂದು ಕೇಳುತ್ತಿದ್ದರು. ನನಗೆ ಬಸ್ಸಿನ ಅವಸರ ಇರುತ್ತಿತ್ತು.

ಎರಡು ವರ್ಷದ ಹಿಂದೆ ಅವರು ತೀರಿಕೊಂಡ ದಿನ ನಾನು ಹತ್ತನೆಯ ತರಗತಿಯ ಪರೀಕ್ಷೆಯ ಕೊಠಡಿಯಲ್ಲಿ ಕಾವಲಿಗಿದ್ದೆ. ಫೋನು ಆಫೀಸಿನಲ್ಲಿ ಒಪ್ಪಿಸಿದ್ದೆ. ನನ್ನ ತಮ್ಮ ಏಳು ಸಲ ಕರೆ ಮಾಡಿದ್ದ. ಮರುದಿನ ನಾನು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದು, ಕಟ್ಟೆ ತೊಳೆದಿದ್ದರು. ಕಾಕು ಗೋಡೆಗೆ ಒರಗಿ ಕುಳಿತಿದ್ದಳು. ನಾನು ಅವಳ ಪಕ್ಕದಲ್ಲಿ ಕುಳಿತೆ. ಅವಳು ನನ್ನ ಕೈ ಹಿಡಿದು ಹೇಳಿದಳು.

“ನಾ ಮಾತಾಡಿದ್ದೂ ಅವರಿಗೆ ಅರ್ಧಾ ತಿಳೀತಿತ್ತವ್ವ. ಮಕ್ಕಳದೂ ಅರ್ಧಾ. ನಿಂದೊಂದ ಪೂರಾ ತಿಳೀತೈತಿ ಅಂತಿದ್ರು. ದೀಪಾವಳಿ ಯಾವಾಗ ಅಂತ ಕೇಳಾವ್ರು.”

ಲೋಕಾಪುರದಿಂದ ಬನಹಟ್ಟಿಗೆ ಎರಡು ಬಸ್ಸು ಬದಲಿಸಿದರೆ ಒಂದೂವರೆ ತಾಸಿನ ಹಾದಿ. ನಾನು ಪ್ರತಿ ಭಾನುವಾರ ಹೋಗಬಹುದಿತ್ತು.